ಬೇಕೆಂದೇ ಮರೆತವನು

ಸೆಪ್ಟೆಂಬರಿನ ಆ ಬೆಳಗ್ಗೆ ರೂಡಿ ಪ್ರೆಬಿಚ್ ತನ್ನೆದುರು ಕೂತು ಪದಗಳನ್ನು ಮರೆತದ್ದು ತನ್ನ ಕಣ್ಣು ನೋಡಿಯೇ ಎಂದು ಕೋರಾ ಬಹಳ ದಿನ ನಂಬಿದ್ದಳು. ನಂಬಿಕೆಗೆ ಆಧಾರವೂ ಇತ್ತು. ಅವನೇ ಹಾಗೆ ಹೇಳಿದ್ದ.

ಅಮೆರಿಕದ ಏರೀ ಸರೋವರದ ದಂಡೆಯ ಆ ಊರಿನ ಐಸ್ ಹಾಕಿ ತಂಡದಲ್ಲಿ ಆಟಗಾರರ ಉಳುಕು, ಮುರಿತ, ಹೊಲಿಗೆ ಎಲ್ಲವೂ ಕೋರಾಳ ಪಾಲಿನವು. ಆಟದ ಕಾಲ ಶುರುವಾಗುವ ಮೊದಲು ಒಬ್ಬೊಬ್ಬನನ್ನೂ ಕೂರಿಸಿಕೊಂಡು ಕೆಲವು ಪದ ಹೇಳುವುದು, ಸ್ವಲ್ಪ ಹೊತ್ತು ಬಿಟ್ಟು ಅವನ್ನೇ ಕೇಳುವುದು ಅವಳ ಕೆಲಸ. ಮುಂದೆ ತಲೆಗೆ ಪೆಟ್ಟು ಬಿದ್ದರೆ ಅದೇ ಪರೀಕ್ಷೆ ಮತ್ತೊಮ್ಮೆ. ನೆನಪು ಮೊದಲಿಗಿಂತ ಕುಗ್ಗಿದ್ದರೆ ಮನೆ, ಕುಗ್ಗದಿದ್ದರೆ ಮತ್ತೆ ಆಟ.

ರೂಡಿ ಎರಡೇ ಪದ ಹೇಳಿ ನಿಲ್ಲಿಸಿದ್ದ.

"ಉಳಿದಿದ್ದು?"

"ನೀವು ಹೀಗೆ ನೋಡ್ತಾ ಕೂತ್ರೆ ಇಷ್ಟು ನೆನಪಿರೋದೇ ಹೆಚ್ಚು, ಡಾಕ್ಟ್ರಮ್ಮ."

ತಾನು ಡಾಕ್ಟರಲ್ಲ ಎಂದು ಅವಳು ತಿದ್ದಿದಳು. ತಿದ್ದುವಾಗ ಕಿವಿ ಬಿಸಿಯಾದದ್ದನ್ನು ಅವನು ಗಮನಿಸಿದ. ಅವನು ಗಮನಿಸಿದ್ದನ್ನು ಅವಳೂ ಗಮನಿಸಿದಳು. ಪ್ರೀತಿ ಶುರುವಾಗಲು ಇದಕ್ಕಿಂತ ಕಡಿಮೆ ಸಾಮಗ್ರಿಯೂ ಸಾಕಾಗುತ್ತದೆ.

ರೂಡಿ ಮಿನೆಸೋಟದ ಕಬ್ಬಿಣದ ಗಣಿಯ ಕಡೆಯವನು. ಆಟದ ಬಲದಿಂದಲೇ ಕಾಲೇಜು ಓದಿದ. ಮೇಲಿನ ಲೀಗಿನ ತಂಡದವರು ಬಂದು ನೋಡಿ, ಹುಡುಗ ಗಟ್ಟಿಗ ಎಂದು ಹೊಗಳಿ, ಬೇರೆಯವನನ್ನು ಕರೆದುಕೊಂಡು ಹೋದರು. ಅಂದಿನಿಂದ ಅವನು ಊರಿಂದೂರಿಗೆ ಬಸ್ಸಿನಲ್ಲೇ ಬದುಕುವ ಈ ಕೆಳಗಿನ ಲೀಗಿನಲ್ಲಿದ್ದಾನೆ. ಡಿಫೆನ್ಸ್ ಆಡುವವನು ಗೋಲು ಹೊಡೆದು ಹೆಸರು ಮಾಡುವವನಲ್ಲ. ಮೂಲೆಗೆ ಹೋದ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ತರಲು ಎದುರಾಳಿಗೆ ಬೆನ್ನು ಕೊಟ್ಟು ಹೋಗುವವನು. ಹಿಂದಿನಿಂದ ಯಾರೋ ಭರ್ರನೆ ಬರುತ್ತಿದ್ದಾನೆ ಎಂಬುದು ಗೊತ್ತಿದ್ದೂ ತಿರುಗಿ ನೋಡಬಾರದು. ನೋಡಿದರೆ ತಡವಾಗುತ್ತದೆ.

ಆಟಗಾರರೊಂದಿಗೆ ಸಿಬ್ಬಂದಿಯ ಸಲಿಗೆ ಕೂಡದೆಂಬ ನಿಯಮವಿತ್ತು. ಹಾಗಾಗಿ ಬಸ್ಸಿನಲ್ಲಿ ಕೋರಾ ಮುಂದೆ, ರೂಡಿ ಹಿಂದೆ. ಇಬ್ಬರ ಕಣ್ಣುಗಳು ಚಾಲಕನ ತಲೆಯ ಮೇಲಿನ ಕನ್ನಡಿಯಲ್ಲಿ ಸೇರುತ್ತಿದ್ದವು. ಒಮ್ಮೆ ಚಾಲಕನೇ ಬೇಸತ್ತು, ಸ್ವಲ್ಪ ರಸ್ತೆ ನೋಡಲು ತನಗೂ ಬಿಡಬೇಕೆಂದು ಕೇಳಿಕೊಂಡ. ಇಡೀ ತಂಡ ಕಿಟಕಿಯಾಚೆ ನೋಡುತ್ತ ನಗು ನುಂಗಿತು.

ಜನವರಿಯಲ್ಲಿ ಮೂಲೆಯೊಂದರಲ್ಲಿ ರೂಡಿಯ ಹಣೆ ಅಂಗಣದ ಸುತ್ತಲಿನ ಗಾಜಿಗೆ ಬಡಿಯಿತು. ಮರುದಿನ ಕೋರಾ ಪದಗಳನ್ನು ಮತ್ತೆ ಕೇಳಿದಳು. ಎರಡು ಹೇಳಿದ. ಸೆಪ್ಟೆಂಬರಿನಲ್ಲೂ ಎರಡೇ. ತಂಡದ ಡಾಕ್ಟರು ಆಡಲು ಒಪ್ಪಿಗೆ ಕೊಟ್ಟರು. ಅವಳು ಔಷಧಿ ಕೋಣೆಯೊಳಗೆ ನಿಂತು ಖುಷಿಯಿಂದ ಅತ್ತಳು.

ಆಮೇಲೆ ಸಣ್ಣಪುಟ್ಟವು ಶುರುವಾದವು. ರೂಡಿ ಒಂದೇ ಜೋಕನ್ನು ಒಂದೇ ಊಟದಲ್ಲಿ ಮತ್ತೆ ಹೇಳಿದ. ಅಂಗಡಿಯ ದೀಪ ಕಣ್ಣು ಚುಚ್ಚುತ್ತದೆಂದು ಬ್ರೆಡ್ ಕೊಳ್ಳದೆ ಹೊರಬಂದ. ಅವಳು ಮಾತಾಡುತ್ತಿದ್ದಾಗ ಅವನು ನಗುತ್ತಿದ್ದ. ಆದರೆ ಆ ನಗು ಸ್ವಲ್ಪ ತಡವಾಗಿ ಬರುತ್ತಿತ್ತು, ದೂರದೂರಿನ ಫೋನಿನ ದನಿಯಂತೆ. ದಣಿವಿರಬೇಕು ಎಂದುಕೊಂಡಳು. ಪ್ರೀತಿಸುವವರು ಏನು ಬೇಕಾದರೂ ಅಂದುಕೊಳ್ಳಬಲ್ಲರು.

ಫೆಬ್ರವರಿಯ ಒಂದು ಬುಧವಾರ ಮೇಲಿನ ಲೀಗಿನಿಂದ ಕರೆ ಬಂತು. ಶುಕ್ರವಾರದ ಪಂದ್ಯಕ್ಕೆ ರೂಡಿ ಬೇಕಂತೆ. ಕಾಲೇಜಿನಿಂದ ಅವನು ಕಾದದ್ದು ಈ ಕರೆಗೇ. ಇಪ್ಪತ್ತಾರರ ಡಿಫೆನ್ಸ್ ಆಟಗಾರನಿಗೆ ಅದು ಇನ್ನೊಮ್ಮೆ ಬರುವುದಿಲ್ಲ. ಅಂದು ಮಧ್ಯಾಹ್ನ ಅಭ್ಯಾಸ ಮುಗಿಸಿ ತಂಡವೆಲ್ಲ ಹುರಿದ ಮೀನು ತಿನ್ನಲು ಹೋಯಿತು. ರೂಡಿಯ ಕಾಲೇಜಿನ ಜೊತೆಗಾರ, ಗೋಲ್‌ಕೀಪರ್ ಬೂಶಾರ್, ಕೋರಾಳ ಪಕ್ಕ ಕೂತಿದ್ದ. ರೂಡಿ ಅವಳಿಗೆ ಎಲ್ಲ ಹೇಳಿದ್ದಾನೆ ಎಂದೇ ಅವನ ಎಣಿಕೆ.

"ಕಾಲೇಜಲ್ಲಿ ಸೀನಿಯರ್‌ಗಳು ಮೊದಲು ಕಲಿಸೋದೇ ಅದು," ಎಂದ ಬೂಶಾರ್. "ಸೆಪ್ಟೆಂಬರಲ್ಲಿ ದಡ್ಡನಾಗ್ಬಿಡು, ಆಮೇಲೆ ಎಂಥ ಪೆಟ್ಟು ಬಿದ್ರೂ ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ. ನಮ್ಮ ರೂಡಿ ಅಂತೂ ಅದ್ರಲ್ಲಿ ಪಂಟ. ಇಡೀ ಟೀಮಿನ ಫೋನ್ ನಂಬರ್ ಬಾಯಿಪಾಠ ಇದ್ದೋನು, ಎರಡು ಪದ ಹೇಳಿ ತಲೆ ಕೆರ್ಕೊಳ್ಳೋನು."

ಕೋರಾಳ ಬಾಯಲ್ಲಿದ್ದ ಮೀನು ಹಾಗೇ ಉಳಿಯಿತು. ಸೆಪ್ಟೆಂಬರಿನಲ್ಲಿ ಅವನು ಬೇಕೆಂದೇ ಎರಡು ಹೇಳಿದ್ದ. ಹಾಗಾದರೆ ಜನವರಿಯಲ್ಲಿ?

ಮೇಜಿನ ಆಚೆ ತುದಿಯಲ್ಲಿ ರೂಡಿ ತಟ್ಟೆ ಮುಟ್ಟದೆ ಕಣ್ಣು ಕಿರಿದಾಗಿಸಿ ಕೂತಿದ್ದ. ಅಂದು ಬೆಳಗ್ಗೆ ಅಭ್ಯಾಸದಲ್ಲಿ ಯಾರದೋ ಮೊಣಕೈ ಅವನ ಕಿವಿಯ ಹಿಂದೆ ತಗುಲಿತ್ತು. ಏನಿಲ್ಲ ಎಂದು ಎದ್ದಿದ್ದ.

ಹೋಟೆಲಿನ ಹೊರಗೆ, ಕಾರುಗಳ ನಡುವೆ ಅವಳು ನೇರವಾಗಿ ಕೇಳಿದಳು. ಅವನು ಮುಚ್ಚಿಡಲಿಲ್ಲ. ಎಲ್ಲರೂ ಮಾಡುವುದನ್ನೇ ತಾನೂ ಮಾಡಿದೆ ಎಂದ.

"ಜನವರಿಲೂ ಬೇಕಂತಲೇ ಮರೆತ್ಯಾ?"

ಅವನು ಜಾಕೆಟ್ಟಿನ ಜಿಪ್ ಎಳೆದುಕೊಂಡ.

"ರೂಡಿ."

"ಇಲ್ಲ. ಜನವರಿಲಿ ಎಷ್ಟು ತಡಕಾಡಿದ್ರೂ ಸಿಗಲಿಲ್ಲ." ಅವನ ದನಿ ಕುಗ್ಗಿತು. "ಶುಕ್ರವಾರ ಒಂದು ಆಡಿಬಿಡ್ತೀನಿ ಕಣೇ. ಆಮೇಲೆ ನೀನು ಹೇಳಿದ ಹಾಗೆ."

ಇನ್ನೊಂದು ಪೆಟ್ಟು ಬಿದ್ದರೆ ಆಮೇಲೆ ಎಂಬುದೇ ಇರಲಿಕ್ಕಿಲ್ಲ ಎಂದಳು. ಈಗಲೇ ಡಾಕ್ಟರಿಗೆ ಹೇಳುತ್ತೇನೆ, ನನ್ನ ಕೆಲಸವೂ ಹೋಗಲಿ ಎಂದಳು. ಅವನ ಮುಖ ಬಿಗಿಯಾಯಿತು.

"ಹೇಳು. ಹೇಳಿದ್ರೆ ಇನ್ನು ಯಾವತ್ತೂ ನಿನ್ನ ಮುಖ ನೋಡಲ್ಲ."

ಅವನ ಕಣ್ಣೆದುರೇ ಅವಳು ಫೋನ್ ಮಾಡಿದಳು. ಮಾತು ಮುಗಿಯುವ ಮೊದಲೇ ಅವನು ನಡೆದುಬಿಟ್ಟಿದ್ದ. ಒಬ್ಬನೇ ಇರಬಾರದೆಂದು ಬೂಶಾರನನ್ನು ಹಿಂದೆ ಕಳಿಸಿದಳು. ತಾನು ಹೋದರೆ ಬಾಗಿಲು ತೆರೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಮರುದಿನ ಬೆಳಗ್ಗೆ ಅವಳ ಮನೆಯ ಕರೆಗಂಟೆ ಸದ್ದಾಯಿತು. ರೂಡಿ ನಿಂತಿದ್ದ. ಎರಡೂ ಕೈಯಲ್ಲಿ ಕಾಫಿ, ಮುಖದ ತುಂಬ ಸೆಪ್ಟೆಂಬರಿನ ಅದೇ ತುಂಟ ನಗು. ಬೂಶಾರ್ ಕೆಳಗೆ ಕಾರಿನಲ್ಲೇ ಕೂತಿದ್ದ.

"ಡಾಕ್ಟರು ಬರಹೇಳಿದಾರಂತೆ. ಈ ಬೂಶಾರ್ ಯಾಕೆ ಅಂತ ಬಾಯಿ ಬಿಡ್ತಿಲ್ಲ. ಮೇಲಿನ ಟೀಮಿಗೆ ಹೋಗೋ ಮೊದಲು ಚೆಕಪ್ಪಾ?"

ಕ್ಷಮಿಸಿಬಿಟ್ಟನೇನೋ ಎಂದು ಕೋರಾ ಒಂದು ಕ್ಷಣ ಆಸೆಪಟ್ಟಳು. ನಂತರ ಅವನ ಕಣ್ಣು ನೋಡಿದಳು. ಅಲ್ಲಿ ಕ್ಷಮಿಸಲು ಏನೂ ಇರಲಿಲ್ಲ. ನಿನ್ನೆಯ ಮಧ್ಯಾಹ್ನವೇ ಅಲ್ಲಿರಲಿಲ್ಲ.

ಅವಳು ಅವನನ್ನು ಕೂರಿಸಿ ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಬೂಶಾರನ ಮಾತು, ಕಾರುಗಳ ನಡುವಿನ ಜಗಳ, ಫೋನು. ಮತ್ತೆ ಸಿಟ್ಟು ಬರಬಹುದೆಂದು ಕಾದಳು. ಬರಲಿಲ್ಲ. ಅವನು ಕಾಫಿ ಲೋಟ ಕೆಳಗಿಟ್ಟ.

"ನಾನೇನಂದೆ?"

"ಹೇಳಿದ್ರೆ ಇನ್ನು ನನ್ನ ಮುಖ ನೋಡಲ್ಲ ಅಂದೆ."

ರೂಡಿ ಬಹಳ ಹೊತ್ತು ಅವಳ ಮುಖವನ್ನೇ ನೋಡಿದ, ಎಲ್ಲೂ ಏನೂ ಬಿಟ್ಟುಹೋಗಬಾರದು ಎಂಬಂತೆ.

"ನೋಡ್ತಾ ಇದೀನಲ್ಲ," ಎಂದ. ಮೆಲ್ಲಗೆ ಕೈ ಚಾಚಿದ. "ನಡಿ, ನೀನೂ ಬಾ. ಡಾಕ್ಟರು ಕೇಳಿದ್ದು ನನಗೆ ನೆನಪಾಗದೆ ಇದ್ರೆ ನೀನು ಹೇಳು."