ಅಮಾವಾಸ್ಯೆಯ ಪೂಜೆ, ಮಹೆಕಳ ಕರ್ನಲ್

ಗದಗ ಹೊಸ ಜಿಲ್ಲೆಯಾಗಿ ಏಳೆಂಟು ವರ್ಷವಾಗಿತ್ತು. ಒಂದು ದಿನ ಲಕ್ಷ್ಮೇಶ್ವರದ ದರ್ಜಿ ಮಾಶಾಕ ತನ್ನ ಮಗಳು ಮಹೆಕಳನ್ನು ಕರೆದುಕೊಂಡು ಬೆಟಗೇರಿಗೆ ಬಂದ. ಪೊಲೀಸ್ ಸಬ್‌ಇನ್‌ಸ್ಪೆಕ್ಟರಾಗಿ ನಿವೃತ್ತನಾದ ನನ್ನ ಗೆಳೆಯ ಹುಚ್ಚೀರಪ್ಪನ ಮನೆಯಲ್ಲಿ ಆಗ ನಾವಿಬ್ಬರೂ ಚಹಾ ಕುಡಿಯುತ್ತಿದ್ದೆವು. ನಾನು ರಹಮಾನಸಾಬ, ಕೋರ್ಟಿನ ಗುಮಾಸ್ತನಾಗಿ ಸುಳ್ಳು ಕೇಳಿ ಕೇಳಿ ಹಣ್ಣಾದವನು. ಹುಡುಗಿಯ ಮುಖ ನೋಡಿದೊಡನೆ ಇವಳು ಸುಳ್ಳು ಹೇಳುವವಳಲ್ಲ ಅನ್ನಿಸಿತು. ಆದರೆ ನನ್ನ ಅನ್ನಿಸಿಕೆಗಳಿಗೆ ಹುಚ್ಚೀರಪ್ಪನ ಹತ್ತಿರ ಎಂದೂ ಕಿಮ್ಮತ್ತು ಇರಲಿಲ್ಲ.

"ಸಾಹೇಬ್ರ, ನನ್ನ ಮಗಳಿಗೆ ಕೆಲಸಾ ಕೆಡಿಸಿದಾಕಿ ಅನ್ನೋ ಹೆಸರು ಬಂದೈತ್ರಿ. ನಾಳೆ ಇಕೀನ ಕೆಲಸದಿಂದ ತಗದ್ರ ಬ್ಯಾರೆ ಯಾರು ಕರೀತಾರ?" ಎಂದ ಮಾಶಾಕ.

ಮಹೆಕ ಗದಗದಲ್ಲಿ ಪುಂಡಲೀಕಪ್ಪನ ಇಂಟರ್ನೆಟ್ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಸುತ್ತಲಿನ ಊರುಗಳ ಇಂಟರ್ನೆಟ್ಟೆಲ್ಲ ಅಲ್ಲಿನ ಒಂದೇ ಒಂದು ಯಂತ್ರದ ಮೂಲಕ ಹಾದು ಹೋಗಬೇಕಿತ್ತು.

"ಕಳಿಸೋದೆಲ್ಲಾ ಸಣ್ಣ ಸಣ್ಣ ಪ್ಯಾಕೆಟ್ ಆಗಿ ಹೋಗ್ತೈತ್ರಿ ಕಾಕಾ," ಎಂದಳು. "ಮುಳಗುಂದದ್ದು ಮುಳಗುಂದಕ್ಕ, ಅಡರಕಟ್ಟೀದು ಅಡರಕಟ್ಟಿಗೆ ಹಚ್ಚೋದು ಮಷೀನಿನ ಕರ್ನಲ್, ಅಂದ್ರ ಮಷೀನು ನಡಸೋ ಮೂಲ ಪ್ರೋಗ್ರಾಂ."

"ನನಗ ಬಿಸ್ಕೀಟಿನ ಪ್ಯಾಕೆಟ್ ಅಷ್ಟ ಗೊತ್ತವಾ. ತಿಳಿಯೂ ಹಂಗ ಹೇಳು," ಎಂದ ಹುಚ್ಚೀರಪ್ಪ.

"ಹಳೇ ಕರ್ನಲ್ ಒಂದೊಂದು ಪ್ಯಾಕೆಟ್ ಬಂದಾಗೂ ಕೈಯಾಗಿನ ಕೆಲಸಾ ಬಿಟ್ಟು ಬಾಗಲಕ್ಕ ಓಡ್ತಿತ್ರಿ. ಗದ್ದಲ ಹೆಚ್ಚಾದ್ರ ಬರೇ ಓಡೋದ ಆಗಿ, ಕಳಿಸೋದು ನಿಂತ ಹೋಗ್ತಿತ್ತು. ಒಮ್ಮೆ ಬಾಗಲಕ್ಕ ಹೋದ್ರ ನಿಂತವರನ್ನೆಲ್ಲಾ ಕೂಡೇ ಒಳಗ ಕರಕೊಂಡು ಬರೂ ಹಂಗ ನಾ ತಿದ್ದಿದ್ನಿ. ಎಲ್ಲಾ ಛಲೋ ನಡದಿತ್ತು."

ಅಮಾವಾಸ್ಯೆಗೆ ಕಚೇರಿಗೆ ರಜೆ, ಅವಳು ಊರಿಗೆ ಹೋಗಿದ್ದಳು. ಮರುದಿನ ಮುಳಗುಂದದ ಕಾಲೇಜಿನ ಹುಡುಗಿಯರು ಪರೀಕ್ಷೆಗೆ ಅರ್ಜಿ ಕಳಿಸಬೇಕಿತ್ತು. ಅಂದೇ ಜಾಲ ಕುಸಿದು ಅರ್ಜಿಗಳು ಹೋಗಲಿಲ್ಲ. ಮಹೆಕಳ ಕರ್ನಲ್ಲೇ ಕೆಟ್ಟಿದೆ ಎಂದು ಹಿರಿಯ ಎಂಜಿನಿಯರ್ ಯಲ್ಲೇಶ ಹೇಳಿದ. ಪಾಸ್‌ವರ್ಡ್ ಬದಲಿಸಿ, ಯಂತ್ರದ ಹತ್ತಿರವೂ ಅವಳನ್ನು ಬಿಡಲಿಲ್ಲ.

ಅವರು ನಮ್ಮಲ್ಲಿಗೆ ಬಂದ ಮರುದಿನ ನಾವಿಬ್ಬರೂ ಅಪ್ಪ ಮಗಳ ಜೊತೆ ಗದಗದ ಆ ಕಚೇರಿಗೆ ಹೋದೆವು. ಸಣ್ಣ ಕೋಣೆಯಲ್ಲಿ ಯಂತ್ರಕ್ಕೆ ಬಾಡಿದ ಚೆಂಡುಹೂವಿನ ಮಾಲೆ, ಹಣೆಯಂಥ ಭಾಗದಲ್ಲಿ ವಿಭೂತಿ, ಕುಂಕುಮ. ಮುಂದಿನ ಸ್ವಿಚ್ಚಿನ ಮೇಲೆ ಬಿಳಿ ಬೆರಳಿನ ಗುರುತು. ಕೀಬೋರ್ಡಿನ ಅಂಚಿಗೆ ಕುಂಕುಮದ ಬೊಟ್ಟು, ಕೆಳಗೆ ತೋರಿಸುವ ಬಾಣದ ಕೀಲಿಯ ಮೇಲೆ ಕೆಂಪು ಒರೆಸಿದಂಥ ಕಲೆ. ಇದೆಲ್ಲ ನನಗೂ ಕಂಡಿತ್ತು.

"ಪ್ರತಿ ಅಮಾಸಿಗೆ ಮಷೀನು ಬಂದ್ ಮಾಡಿ ಪೂಜಿ ಮಾಡ್ತೀವ್ರಿ," ಎಂದ ಪುಂಡಲೀಕಪ್ಪ. "ವಿಭೂತಿ ನಾ ಹಚ್ಚತೀನಿ, ಕುಂಕುಮ ಯಲ್ಲೇಶಂದು. ಕಾಯಿ ಹೊರಗ ನವಾಜ ಒಡೀತಾನ. ಆಮ್ಯಾಲೆ ಸ್ವಿಚ್ ನಾನ ಒತ್ತತೀನಿ. ಹಚ್ಚಿದ್ದನ್ನ ಮುಂದಿನ ಅಮಾಸಿತನಕ ಯಾರೂ ಒರಸಂಗಿಲ್ಲ."

"ಈ ಕೀಬೋರ್ಡ ದಿನಾ ಮುಟ್ಟತೀರೇನು?" ಎಂದು ಹುಚ್ಚೀರಪ್ಪ ಕೇಳಿದ.

"ಇಲ್ರಿ, ಕೆಲಸಾ ಎಲ್ಲಾ ನಮ್ಮ ಟೇಬಲ್ಲಿಂದನ," ಎಂದ ಕೇಬಲ್ ಎಳೆಯುವ ನವಾಜ. "ಇದು ಮಷೀನು ಏಳೂಮುಂದ ಅಷ್ಟ ಬೇಕು."

ಹುಚ್ಚೀರಪ್ಪ ಎಲ್ಲರನ್ನೂ ಕೋಣೆಗೆ ಕರೆಸಿದ. ಮಾಶಾಕ, ಮಹೆಕ ಬಾಗಿಲಲ್ಲಿ ನಿಂತರು. "ಪುಂಡಲೀಕಪ್ಪ, ಬಂದ್ ಮಾಡಿ ಚಾಲೂ ಮಾಡ್ರಿ. ಕೀಬೋರ್ಡ ಯಾರೂ ಮುಟ್ಟಬ್ಯಾಡ್ರಿ."

"ಮಾಮಾ, ಬ್ಯಾಡ್ರಿ, ಲೈನ್ ಹೋಗ್ತಾವ!" ಎಂದು ಯಲ್ಲೇಶ ಅಡ್ಡ ಬಂದ. ಪುಂಡಲೀಕಪ್ಪ ಆಗಲೇ ಸ್ವಿಚ್ ಒತ್ತಿಯಾಗಿತ್ತು.

ಪರದೆಯ ಮೇಲೆ ಎರಡು ಸಾಲು ಮೂಡಿದವು. ಮೇಲಿನದು ಹೊಸ ಕರ್ನಲ್, ಕೆಳಗಿನದು ಹಳೆಯದು. ಯಾರೂ ಏನೂ ಮಾಡದಿದ್ದಾಗ ಯಂತ್ರ ತಾನೇ ಮೇಲಿನ ಸಾಲನ್ನು ಹಿಡಿದು ಎದ್ದಿತು. ಸ್ವಲ್ಪ ಹೊತ್ತಿಗೆ ನವಾಜ ಮುಳಗುಂದಕ್ಕೆ ಫೋನು ಹಚ್ಚಿದ. "ಜಲ್ದಿ ಓಡಾಕತ್ತೈತಂತ್ರಿ!" ಎಂದು ಕೂಗಿದ.

"ಅಂದ್ರ ಅಮಾಸಿಯಿಂದ ಇಷ್ಟು ದಿನಾ ಓಡಿದ್ದು ಹಳೇದು, ಅರ್ಜಿ ಗದ್ದಲಕ್ಕ ನಿಂತದ್ದೂ ಅದ," ಎಂದ ಹುಚ್ಚೀರಪ್ಪ. "ಅವತ್ತು ಮಹೆಕಂದು ಓಡಲೇ ಇಲ್ಲ, ಕೆಡೋದೆಲ್ಲಿ ಬಂತು? ಹಳೇದು ಏಳಬೇಕಂದ್ರ ಯಾರರ ಕೆಳಗಿನ ಬಾಣ ಒತ್ತಬೇಕು. ಅವತ್ತು ಈ ಕೋಣ್ಯಾಗ ಇದ್ದವರು ಇಬ್ಬರ. ನವಾಜ ಹೊರಗ ಕಾಯಿ ಒಡೀತಿದ್ದ, ಹುಡುಗಿ ಲಕ್ಷ್ಮೇಶ್ವರದಾಗ. ಪುಂಡಲೀಕಪ್ಪನ ಬೆರಳಿಗೆ ವಿಭೂತಿ, ಅದಕ್ಕ ಸ್ವಿಚ್ ಬೆಳ್ಳಗೈತಿ. ಬಾಣ ಕೆಂಪಗೈತಿ. ಕುಂಕುಮ ಹಚ್ಚಿದಾವ ಯಾರು? ಕಲೆ ಕಂಡರೂ ಒರಸಾಕ ನಿನಗ ಧೈರ್ಯ ಬರಲಿಲ್ಲ, ಅಲ್ಲಲೇ ಯಲ್ಲೇಶ?"

ಯಲ್ಲೇಶ ತಲೆ ಎತ್ತಲಿಲ್ಲ. "ಎಲ್ಲಾರೂ ಆಕೀನ್ನ ಹೊಗಳತಿದ್ರು. ನಾ ಇಷ್ಟು ವರ್ಷ ಇಲ್ಲಿ ದುಡದದ್ದು ಯಾರಿಗೂ ಕಾಣಲಿಲ್ಲ," ಎಂದ.

ನನಗೆ ಒಳಗೊಳಗೇ ಹಿಗ್ಗು. ಇನ್ನೇನು ಯಲ್ಲೇಶನ ಕುತ್ತಿಗೆಗೆ ಬಂತು ಅಂದುಕೊಂಡೆ. ಪುಂಡಲೀಕಪ್ಪ ಮಹೆಕಳ ಕಡೆ ತಿರುಗಿದ.

"ಆಕಿ ತಪ್ಪು ಮಾಡಿಲ್ಲ, ಖರೆ," ಎಂದ. "ಆದ್ರ ಯಲ್ಲೇಶ ನನ್ನ ತಂಗಿ ಮಗ. ಹೊರಗ ಹಾಕಿದ್ರ ತಂಗಿ ಮನಿ ಬಾಗಲಾ ತುಳಿಯಾಕ ಬರೂದಿಲ್ಲ. ಇಬ್ರನ್ನೂ ಒಂದ ಕಡೆ ಇಟಗೊಳ್ಳಾಕೂ ಆಗೂದಿಲ್ಲ. ನೀ ಬ್ಯಾರೆ ಕಡೆ ನೋಡ್ಕೋವಾ. ಕರ್ನಲ್ ಮಾತ್ರ ಇರಲಿ."

"ಕಾಲೇಜಿನವರಿಗೆ ನಂದು ತಪ್ಪಿರಲಿಲ್ಲ ಅಂತರ ಹೇಳ್ತೀರೇನ್ರಿ?" ಎಂದು ಮಹೆಕ ಕೇಳಿದಳು.

"ಮನಿ ಮಾತು ಮನ್ಯಾಗ ಇರಲಿ ಬಿಡು," ಎಂದ ಪುಂಡಲೀಕಪ್ಪ.

ನಾನು ಬಾಯಿಗೆ ಬಂದಂತೆ ಬೈದೆ. ಮಾಶಾಕ ನನ್ನ ಕೈ ಹಿಡಿದು ಹೊರಗೆ ಕರೆತಂದ. ಲಕ್ಷ್ಮೇಶ್ವರದ ಬಸ್ಸು ಬರುವತನಕ ಮೂವರು ಗಂಡಸರು ಆ ಹುಡುಗಿಯ ಮುಖ ನೋಡಲಾರದೆ ನಿಂತೆವು.

ಈಗ ಅವಳು ಅಪ್ಪನ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಾಳೆ. ನಮ್ಮ ಓಣಿಯಲ್ಲಿ ಇಂಟರ್ನೆಟ್ ಚೆನ್ನಾಗಿಯೇ ಓಡುತ್ತದೆ, ಜನ ಯಲ್ಲೇಶನನ್ನು ಹೊಗಳುತ್ತಾರೆ. ಅದನ್ನು ಕೇಳಿದಾಗೆಲ್ಲ ಹೋಗಿ ಹುಚ್ಚೀರಪ್ಪನ ಮುಂದೆ ಹೇಳಿದರೆ ಅವನು ಚಹಾದ ಕಪ್ಪು ಕೆಳಗಿಡುತ್ತಾನೆ.

"ಕಳ್ಳನ್ನ ಹಿಡದ್ನಿ ರಹಮಾನ," ಅನ್ನುತ್ತಾನೆ. "ಹುಡುಗಿ ಕೆಲಸಾ ಉಳಸಾಕ ಆಗಲಿಲ್ಲ. ಅವರು ಬಂದಿದ್ದು ಅದಕ್ಕಲಾ."