ಖಾಲಿ ತೊಟ್ಟಿಲ ಜೋಗುಳ

“ಖಾಲಿ ತೊಟ್ಟಿಲು ತೂಗಬೇಡ ಮಗಳೇ. ಅದ್ರಲ್ಲೂ ಈ ಜೋಗುಳ ಹಾಡ್ಕೊಂಡು ತೂಗಲೇಬೇಡ.”

ಹಳೆಯ ಜೋಗುಳ ಹಾಡಿ ತೋರಿಸಿದ ಮುದುಕಿ ಸಾಲಿಕಾ ಅಪಾ ಎಚ್ಚರಿಸಿದಳು. ಸಿನಿಮಾಕ್ಕೆ ಸಂಗೀತ ಕೂಡಿಸಲು ರಾಜಧಾನಿ ಬಿಷ್ಕೆಕ್‌ನಿಂದ ನಾರಿನ್‌ ಸೀಮೆಯ ಬೆಟ್ಟದ ಹುಲ್ಲುಗಾವಲಿಗೆ ಬಂದಿದ್ದ ಬುರುಲ್ ನಕ್ಕುಬಿಟ್ಟಳು.

“ತೂಗಿದ್ರೆ ಏನಾಗುತ್ತೆ ಅಪಾ? ತೊಟ್ಟಿಲಿಗೆ ತಲೆ ಸುತ್ತುತ್ತಾ?”

“ಸವತಿಯ ಕೂಸಿನ ಮೇಲೆ ಹೊಟ್ಟೆ ಉರ್ಕೊಂಡವಳು ಮಾಟ ಮಾಡಿ ಕಟ್ಟಿದ ಹಾಡು ಇದು. ತೊಟ್ಟಿಲು ಖಾಲಿ ಇದ್ರೆ ಇನ್ನೊಂದು ಕೂಸನ್ನ ತುಂಬಿಸ್ಕೊಳ್ಳೋಕೆ ಸತ್ತ ಅವಳೇ ಬರ್ತಾಳೆ.”

ಬುರುಲ್‌ಳ ಹೊಟ್ಟೆಯಲ್ಲೂ ಉರಿಯಿತ್ತು. ಅದಕ್ಕೆ ಕಾರಣ ಅದೇ ಚಿತ್ರಕ್ಕೆ ಬೆಳಕು ಹೊಂದಿಸುತ್ತಿದ್ದ ಎರ್ಮೆಕ್. ಮುದುಕಿಯ ಮೊಮ್ಮಗಳು, ಆರು ವರ್ಷದ ಆಯ್ದಾನಾ, ಚಿತ್ರದಲ್ಲಿ ನಟಿಸುತ್ತಿದ್ದಳು. ಎರ್ಮೆಕ್ ಗುಡಾರದ ನೆತ್ತಿಯ ಕಿಂಡಿಯಿಂದ ಬಿಸಿಲು ಇಳಿಸಿದರೆ ಮಗುವಿನ ಕೆದರಿದ ಕೂದಲು ಹಾಲಿನ ನೊರೆಯಂತೆ ಹೊಳೆಯುತ್ತಿತ್ತು. ಮಗು ಅದೇ ನಗು ನಗುತ್ತಿದ್ದರೂ, ದೀಪವನ್ನು ಅದರ ಗಲ್ಲದ ಕೆಳಗಿಟ್ಟನೆಂದರೆ ನೋಡಿದವರ ಉಸಿರು ಭಯಕ್ಕೆ ನಿಲ್ಲುತ್ತಿತ್ತು. “ಇದಕ್ಕೆ ಸಂಗೀತವೇ ಬೇಡ,” ಎಂದಿದ್ದ ನಿರ್ದೇಶಕ. ಆ ಮಾತು ಬುರುಲ್‌ಳೊಳಗೆ ಮುಳ್ಳಿನಂತೆ ಮುರಿದುಕೊಂಡಿತ್ತು.

ಮಧ್ಯಾಹ್ನ ಎಲ್ಲರೂ ಹೊರಗೆ ಊಟಕ್ಕೆ ಕೂತಾಗ ಅವಳು ಗುಡಾರ ಹೊಕ್ಕಳು. ಕಿಂಡಿ ಮುಚ್ಚಿದಳು. ಕತ್ತಲು. ಹಸಿ ಉಣ್ಣೆಯ, ಹಳಸಿದ ಕುರಿಕೊಬ್ಬಿನ ವಾಸನೆ. ಧ್ವನಿಮುದ್ರಣದ ಯಂತ್ರ ಒತ್ತಿ, ಕಾಲಿನಿಂದ ತೊಟ್ಟಿಲು ತೂಗುತ್ತ ಹಾಡತೊಡಗಿದಳು. ಮೊದಲು ಮೆಲ್ಲಗೆ, ಎಳೆಗೂಸಿನ ನಗುವಿನಂತೆ. ಆಮೇಲೆ ಲಯ ಎಳೆದಳು. ಒಂದು ಸ್ವರವನ್ನು ಬೇಕೆಂದೇ ಬಿಟ್ಟಳು. ಸ್ವರ ಬಿಟ್ಟ ಜಾಗದಲ್ಲಿ ಭಯ ಬಾಯಿ ತೆರೆಯಿತು. ಎರ್ಮೆಕ್ ಸೋತ! ಅವಳ ಮೈ ಜುಮ್ಮೆಂದಿತು.

ಆ ಬಿಟ್ಟ ಸ್ವರವನ್ನು ಇನ್ಯಾರೋ ಹಾಡಿದರು.

ಬುರುಲ್ ಹಾಡು ನಿಲ್ಲಿಸಿದಳು. ಹಾಡು ನಿಲ್ಲಲಿಲ್ಲ. ಹುಳಿ ಹಾಲಿನ ನಾತ. ಸುಟ್ಟ ಕೂದಲಿನ ನಾತ. ಕಾಲಡಿ ತೊಟ್ಟಿಲು ಭಾರವಾಯಿತು. ಕಾಲು ಹಿಂದಕ್ಕೆಳೆದಳು. ತೊಟ್ಟಿಲು ತೂಗುತ್ತಲೇ ಇತ್ತು. ಒಳಗೇನೋ ಮಗ್ಗುಲಾಯಿತು.

ಹೊರಗೆ ಮುದುಕಿ ಚೀರಿದಳು. ಬುರುಲ್ ಹೊರಗೋಡಿದಳು.

ಅಜ್ಜಿಯ ಮಡಿಲಲ್ಲಿ ರೊಟ್ಟಿ ತಿನ್ನುತ್ತಿದ್ದ ಆಯ್ದಾನಾ ಕಣ್ಣು ತೆರೆದೇ ಮರಗಟ್ಟಿದ್ದಳು. ಅವಳ ತುಟಿಗಳಿಂದ ದೊಡ್ಡ ಹೆಂಗಸಿನ ದನಿಯಲ್ಲಿ ಜೋಗುಳ ಸೋರುತ್ತಿತ್ತು.

“ತೂಗಿದೆಯೇನೇ ಪಾಪಿ?” ಮುದುಕಿ ಧೂಪದ ಸೊಪ್ಪು ಹೊತ್ತಿಸಿದಳು. “ಬರಿಗೈಲಿ ಹೋಗಲ್ಲ ಅವಳು. ಯಾವುದಕ್ಕೋಸ್ಕರ ಹೊಟ್ಟೆ ಉರ್ಕೊಂಡ್ಯೋ ಅದನ್ನೇ ಕೊಡ್ಬೇಕು!”

ಮಗುವಿನ ತುಟಿ ನೀಲಿಗಟ್ಟುತ್ತಿತ್ತು. ಬುರುಲ್ ಮೊಣಕಾಲೂರಿದಳು. “ತಗೋ! ನನ್ನ ಸಂಗೀತ ತಗೋ! ಕೂಸನ್ನ ಬಿಡು!”

ತಣ್ಣಗಿನ ಎರಡು ಬೆರಳು ಅವಳ ಕಿವಿಯೊಳಗಿಳಿದವು. ಹಾಡು ಅಡಗಿತು. ಆಯ್ದಾನಾ ಕೆಮ್ಮಿ, ಅಳುತ್ತ ಅಜ್ಜಿಯ ಕೊರಳಿಗೆ ಜೋತುಬಿದ್ದಳು.

ಅಂದಿನಿಂದ ಬುರುಲ್‌ಗೆ ಮಾತು ಕೇಳಿಸುತ್ತಿತ್ತು, ಗಾಳಿ, ಕುದುರೆಯ ಕೆನೆತ ಕೇಳಿಸುತ್ತಿತ್ತು. ಸಂಗೀತ ಮಾತ್ರ ಕೇಳಿಸುತ್ತಿರಲಿಲ್ಲ. ಅವಳು ಎಷ್ಟು ಬೇಡಿಕೊಂಡರೂ ನಿರ್ದೇಶಕ ಆ ಧ್ವನಿಮುದ್ರಣವನ್ನೇ ಚಿತ್ರದಲ್ಲಿ ಬಳಸಿದ.

ಬಿಷ್ಕೆಕ್‌ನ ಮೊದಲ ಪ್ರದರ್ಶನದಲ್ಲಿ ಜನ ಬಿಕ್ಕಿದರು, ಬೆಚ್ಚಿದರು. ಎರ್ಮೆಕ್ ಅವಳತ್ತ ಬಾಗಿ ಪಿಸುಗುಟ್ಟಿದ: “ಈ ಹಾಡಿನ ಮುಂದೆ ನನ್ನ ಬೆಳಕು ಏನೇನೂ ಅಲ್ಲ ಮಾರಾಯ್ತಿ. ಹೊಟ್ಟೆ ಉರೀತಿದೆ.”

ಪರದೆಯ ಮೇಲೆ ಬೆಳಕು ಮಗುವಿನ ಕೆನ್ನೆಯಿಂದ ಗಲ್ಲದಡಿಗೆ ಮೆಲ್ಲನೆ ಜಾರುತ್ತಿತ್ತು, ಬುರುಲ್‌ಳ ಕಿವಿಗೆ ನಿಶ್ಶಬ್ದವಾಗಿ. ಅದೆಷ್ಟು ಚೆಂದವಿದೆಯೆಂದು ಅವಳು ಮೊದಲ ಬಾರಿಗೆ ಕಂಡಳು. ಎರ್ಮೆಕ್‌ನ ಮೇಲೆ ಈಗ ಸಿಟ್ಟಿರಲಿಲ್ಲ. ಆದರೆ ಸುತ್ತ ಕಣ್ಣೊರೆಸಿಕೊಳ್ಳುತ್ತಿದ್ದ ಸಾಲು ಸಾಲು ಮುಖಗಳನ್ನು ನೋಡುತ್ತ, ಆ ಹಾಡು ಕೇಳಿಸುತ್ತಿದ್ದ ಪ್ರತಿಯೊಬ್ಬರ ಮೇಲೂ ಅವಳ ಹೊಟ್ಟೆ ಧಗಧಗ ಉರಿಯತೊಡಗಿತು.