ಮೂರು ಗಂಟೆಯ ಹಾಡುಗಾರ್ತಿ

“ಚಿಕ್ಕ ಸ್ಟೇಜಾ? ಮಧ್ಯಾಹ್ನ ಮೂರು ಗಂಟೆಗಾ?” ರೇಡಿಯೊ ಅಮ್ಮನ ಕೈಯಿಂದ ಫೋನ್ ಕಿತ್ತುಕೊಂಡಳು. “ಅಮ್ಮಾ, ನಿನ್ನನ್ನ ದೊಡ್ಡ ಬ್ಯಾಂಡ್‌ಗೆ ಹಾಕಿದ್ರಲ್ವಾ?”

“ಹಾಕಿದ್ರು. ಈಗ ಬದಲಾಯಿಸಿದಾರೆ,” ಅಂದಳು ಅಮ್ಮ, ಚಪ್ಪಲಿ ಬಿಡುತ್ತ. “ಫೋನ್ ಕೊಡು ಇಲ್ಲಿ.”

ರೇಡಿಯೊ ಎಂಬುದು ತರಗತಿಯವರು ಇಟ್ಟ ಹೆಸರು. ಬಾಯಿ ಮುಚ್ಚಿದ್ದೇ ಇಲ್ಲವಲ್ಲ, ಅದಕ್ಕೆ. ಬರಬರುತ್ತ ಮನೆಯಲ್ಲೂ ಅದೇ ಹೆಸರಾಯಿತು.

ಅಮ್ಮನದು ಸನ್ನೆ ಭಾಷೆಯ ಕೆಲಸ. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಕೋರ್ಟಿನಲ್ಲಿ ಯಾರಾದರೂ ಆಡಿದ ಮಾತನ್ನು ಕಿವಿ ಕೇಳದವರಿಗೆ ಕೈಯಲ್ಲಿ ಹೇಳುವುದು. ಶನಿವಾರ ಊರ ಮೈದಾನದಲ್ಲಿ ಸಂಗೀತೋತ್ಸವ. ಅಲ್ಲಿ ಹಾಡುಗಳನ್ನೂ ಹಾಗೇ ಹೇಳಬೇಕು. ಅದೂ ಸ್ಟೇಜಿನ ಮೇಲೆ ನಿಂತು.

ದೊಡ್ಡ ಬ್ಯಾಂಡಿನ ಪಕ್ಕದಲ್ಲೇ ಅಮ್ಮ ನಿಲ್ಲುತ್ತಾಳೆ ಎಂದು ರೇಡಿಯೊ ಇಡೀ ತರಗತಿಗೆ ಸಾರಿಬಿಟ್ಟಿದ್ದಳು. “ಡ್ರಮ್ ಕೋಲು ಅಮ್ಮನಿಗೆ ತಾಗಿದ್ರೂ ತಾಗ್ಬಹುದು” ಎಂದು ಒಗ್ಗರಣೆ ಬೇರೆ ಹಾಕಿದ್ದಳು. ಎಲ್ಲದಕ್ಕೂ ವಾದ ಮಾಡುವ ಒಬ್ಬ ಹುಡುಗನಿದ್ದ, ಅವನ ಅಡ್ಡಹೆಸರು ಲಾಯರ್. ಅವನು ಮಾತ್ರ “ಬಿಡೇ, ಬುರುಡೆ” ಅಂದಿದ್ದ.

“ಈ ಮೂರು ಗಂಟೆ ಹಾಡುಗಾರ್ತಿ ಯಾರು?” ರೇಡಿಯೊ ಫೋನ್ ನೋಡುತ್ತ ಕೇಳಿದಳು. “ಹೆಸರೇ ಕೇಳಿಲ್ಲ ನಾನು!”

“ನಾನೂ ಕೇಳಿಲ್ಲ. ತಾನೇ ಬರೆದು, ತಾನೇ ರಾಗ ಹಾಕಿ ಹಾಡ್ತಾಳಂತೆ. ಐದು ಹಾಡು ಕಳ್ಸಿದಾರೆ.”

“ಬ್ಯಾಂಡೇ ಬೇಕು ಅಂತ ಹೇಳಮ್ಮ. ನಾಳೆ ಸ್ಕೂಲಲ್ಲಿ ನನ್ನ ಮರ್ಯಾದೆ ಮೂರಾಬಟ್ಟೆ ಆಗುತ್ತೆ!”

“ಊರಿಗೆಲ್ಲ ಸಾರಿ ಬಂದೋಳು ನೀನು. ಮರ್ಯಾದೆ ಕಾಯೋಳು ನಾನಾ?” ಅಮ್ಮ ಮುಖ ತೊಳೆಯಲು ಹೋದಳು.

ಅಮ್ಮ ಹಾಡು ಕೇಳುವ ರೀತಿಯೇ ಬೇರೆ. ಒಂದು ಸಾಲು ಹಾಕುತ್ತಾಳೆ, ನಿಲ್ಲಿಸುತ್ತಾಳೆ. ಬೀರುವಿನ ಕನ್ನಡಿಯ ಮುಂದೆ ಕೈ ಆಡಿಸಿ ನೋಡುತ್ತಾಳೆ. ತಲೆ ಅಲ್ಲಾಡಿಸುತ್ತಾಳೆ. ಮತ್ತೆ ಅದೇ ಸಾಲು. ರೇಡಿಯೊ ಮೂತಿ ಊದಿಸಿಕೊಂಡು ಲೆಕ್ಕದ ಪುಸ್ತಕ ಹಿಡಿದು ಕೂತಳು. ಪುಸ್ತಕ ಮುಚ್ಚಬಹುದು, ಕಿವಿ ಮುಚ್ಚಲಾಗುತ್ತದೆಯೇ?

ಮೂರನೆಯ ಹಾಡಿನಲ್ಲಿ ಒಬ್ಬ ಹುಡುಗಿ ಸ್ಕೂಲಿನಿಂದ ಬರುತ್ತಾಳೆ. ಬ್ಯಾಗಿನಿಂದ ಕೀ ತೆಗೆಯುತ್ತಾಳೆ.

“ಬಾಗಿಲು ತೆಗೆದೆ, ಒಳಗೆ ಬಂದೆ.
ಬಂದೆಯಾ ಅಂತ ನಾನೇ ಕೇಳಿದೆ.”

ಆಮೇಲೆ ಮಾತಿಲ್ಲ. ಬರೀ ಊಂ... ಊಂ... ಎಂಬ ಗುನುಗು. ರೇಡಿಯೊಳ ಪೆನ್ಸಿಲ್ ಲೆಕ್ಕದ ಮಧ್ಯೆ ನಿಂತಿತು.

ಅಷ್ಟರಲ್ಲಿ ಕೆಳಗಿನ ಮನೆಯ ಟೈಲರ್ ಆಂಟಿ ಬಂದರು, ಕೊರಳಲ್ಲಿ ಅಳತೆ ಟೇಪಿನ ಸಮೇತ. ಅವರಿಗೆ ಹುಟ್ಟಿನಿಂದಲೂ ಕಿವಿ ಕೇಳುವುದಿಲ್ಲ. ಇಂಥ ಕೆಲಸ ಬಂದಾಗಲೆಲ್ಲ ಅಮ್ಮ ಮೊದಲು ಅವರಿಗೆ ಮಾಡಿ ತೋರಿಸುತ್ತಾಳೆ. ಅವರು ಮುಖ ಕಿವುಚಿದರೆ ಮತ್ತೆ ಮೊದಲಿನಿಂದ.

ಬಾಗಿಲು, ಕೀ, ಒಳಗೆ ಬಂದದ್ದು, ಎಲ್ಲ ಸರಿಯಾಯಿತು. ಗುನುಗು ಶುರುವಾದಾಗ ಅಮ್ಮನ ಕೈ ನಿಂತಿತು.

‘ಮುಗೀತಾ?’ ಟೈಲರ್ ಆಂಟಿಯ ಕೈ ಕೇಳಿತು.

‘ಇಲ್ಲ. ಗುನುಗ್ತಿದಾಳೆ. ಮಾತಿಲ್ಲ.’

‘ಸರಿ. ಏನಂತ ಗುನುಗ್ತಿದಾಳೆ?’

ಅಮ್ಮ ತುಟಿಯಿಂದ ಅಲೆ ಹೊರಟ ಹಾಗೆ ಬೆರಳು ಬಳುಕಿಸಿದಳು.

‘ಇದೇನು? ಬಾಯಿಂದ ಹೊಗೆ ಬರ್ತಿದೆಯಾ?’

ಅಮ್ಮ ನಗುತ್ತ, ಈ ಸಲ ರಾಗಕ್ಕೆ ತಕ್ಕ ಹಾಗೆ ತಲೆ ತೂಗಿ ತೋರಿಸಿದಳು.

‘ಓ, ಖುಷಿಯಲ್ಲಿದಾಳಾ?’

“ಖುಷಿ ಅಲ್ಲ,” ಅಂದಳು ರೇಡಿಯೊ, ಬಾಯಲ್ಲೂ ಕೈಯಲ್ಲೂ.

ಇಬ್ಬರೂ ತಿರುಗಿ ನೋಡಿದರು.

“ಮನೇಲಿ ಯಾರೂ ಇಲ್ವಲ್ಲ. ಫ್ರಿಜ್ ಒಂದೇ ಗೊರ್ ಅಂತಿರುತ್ತೆ. ಅದಕ್ಕೇ ಗುನುಗೋದು. ಲೈಟ್ ಹಾಕ್ತಾ, ಕಿಟಕಿ ತೆಗೀತಾ, ಕುರ್ಚಿ ಮುಟ್ತಾ. ಎಲ್ಲಾ ರೂಮಿಗೂ ಒಂದ್ಸಲ ಹೋಗಿ ಬರೋವರೆಗೂ. ಆಮೇಲೆ ಸರಿಹೋಗುತ್ತೆ.”

“ನಿನಗೆ ಹೇಗೆ ಗೊತ್ತು?”

ರೇಡಿಯೊ ಪೆನ್ಸಿಲಿನ ತುದಿ ನೋಡಿದಳು. “ಗೊತ್ತು.”

ರೇಡಿಯೊ ದಿನವೂ ಮನೆಗೆ ಬರುವುದು ನಾಲ್ಕಕ್ಕೆ. ಅಮ್ಮ ಬರುವುದು ಆರೂವರೆಗೆ. ಅಮ್ಮ ಬಂದು ಅವಳ ಪಕ್ಕದಲ್ಲಿ ಕೂತಳು. “ಯಾವುದು ಮೊದಲು? ಲೈಟಾ, ಕಿಟಕಿಯಾ?”

“ಲೈಟು.”

ಅಮ್ಮ ಎದ್ದು ಹಾಡನ್ನು ಮತ್ತೆ ಹಾಕಿದಳು. ಗುನುಗು ಬಂದಾಗ ಅವಳ ಕೈ, ಅಲ್ಲಿಲ್ಲದ ಒಂದು ಸ್ವಿಚ್ಚನ್ನು ಒತ್ತಿತು. ಕಿಟಕಿ ತೆಗೆಯಿತು. ಕುರ್ಚಿಯ ಬೆನ್ನನ್ನು ಮೆಲ್ಲಗೆ ಸವರಿತು. ಟೈಲರ್ ಆಂಟಿ ಮುಖ ಕಿವುಚಲಿಲ್ಲ. ಹಾಡು ಮುಗಿದ ಮೇಲೆ, ‘ಇನ್ನೊಂದು ಸಲ’ ಅಂದರು.

ಮರುದಿನ ಬೆಂಚಿಗೆ ಬ್ಯಾಗ್ ಇಡುವಷ್ಟರಲ್ಲೇ ಲಾಯರ್ ಹಾಜರು. “ಏನೇ, ಬ್ಯಾಂಡ್ ಎಷ್ಟು ಹೊತ್ತಿಗೆ?”

“ಬ್ಯಾಂಡ್ ಬೇರೆಯವರಿಗೆ ಕೊಟ್ರು. ಅಮ್ಮ ಮೂರು ಗಂಟೆಗೆ, ಚಿಕ್ಕ ಸ್ಟೇಜಲ್ಲಿ.”

“ನೋಡ್ರೋ! ಬುರುಡೆ ಅಂತ ನಾನು ಹೇಳ್ಲಿಲ್ವಾ?”

ಎಲ್ಲರೂ ನಕ್ಕರು. ರೇಡಿಯೊಳ ಕಿವಿ ಬಿಸಿಯಾಯಿತು. ಆದರೆ ಅವಳು ಹೆದರಿದ್ದಷ್ಟೇನೂ ಅವಮಾನವಾಗಲಿಲ್ಲ.

“ಯಾರದು ಹಾಡೋದು?”

ಅವಳು ಹೆಸರು ಹೇಳಿದಳು. ಎಲ್ಲರೂ ಮುಖ ಮುಖ ನೋಡಿಕೊಂಡರು.

“ಯಾರಿಗೂ ಗೊತ್ತಿಲ್ಲ ಬಿಡು,” ಅಂದ ಲಾಯರ್.

“ನನಗೆ ಗೊತ್ತು.”

“ನಿಮ್ಮ ನೆಂಟರಾ?”

“ಅಲ್ಲ.”

“ನೋಡಿದೀಯಾ?”

“ಇಲ್ಲ.”

“ನೆಂಟರಲ್ಲ, ನೋಡಿಯೂ ಇಲ್ಲ, ಆದ್ರೆ ಗೊತ್ತು! ಅದು ಹೇಗೆ?”

ರೇಡಿಯೊ ಬಾಯಿ ತೆರೆದಳು. ಯಾಕೋ ಹಾಗೇ ಮುಚ್ಚಿದಳು.

“ಮೂರು ಗಂಟೆಗೆ ಬಾ,” ಅಂದಳು. “ಬಿಸಿಲಿರುತ್ತೆ, ಟೋಪಿ ಹಾಕ್ಕೊಂಡು ಬಾ.”